ಮೆಕ್ಯಾನಿಕಲ್ ಓದಿ ಫ್ಯಾಕ್ಟರಿಯಲ್ಲಿದ್ದೇನೆ, ಎಂಬಿಎಗೆ ಎಂಜಿನಿಯರ್ ಆಗಿರೋದು ಪ್ಲಸ್ಸೋ ಮೈನಸ್ಸೋ?

ಮಂಡ್ಯದ ಹುಡುಗ, ಮೆಕ್ಯಾನಿಕಲ್ ಮುಗಿಸಿ ಮೈಸೂರಿನ ಫ್ಯಾಕ್ಟರಿಯೊಂದರಲ್ಲಿ ಎರಡು ವರ್ಷದಿಂದ ಇದ್ದೇನೆ, ಕೆಲಸ ಬಿಟ್ಟು ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ಗೆ ಕೂರಲೇ ಅಂತಲೂ ಕೇಳಿದ್ದೀರಿ. ನಾನು ಮೈಸೂರಿನವನು, ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡಿಕೊಂಡೇ ಕ್ಯಾಟ್ ಬರೆದು ಎಂಬಿಎಗೆ ಹೋದವನು. ನನಗೆ ಕಂಡಿದ್ದು ಹೇಳುತ್ತೇನೆ.

ಪರೀಕ್ಷೆಯ ಮಟ್ಟಿಗೆ ಪ್ಲಸ್ಸೇ. ಎರಡು ಗಂಟೆಯ ಪೇಪರು, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಲೆಕ್ಕದ ಭಾಗ ಹೆಚ್ಚುಕಮ್ಮಿ ಹೈಸ್ಕೂಲು, ಪಿಯುಸಿ ಗಣಿತವೇ, ಅಲ್ಲಿ ನಮ್ಮಂಥವರು ಒದ್ದಾಡೋದು ಕಡಿಮೆ. ಒದ್ದಾಡೋದು ಇಂಗ್ಲಿಷ್ ಭಾಗದಲ್ಲಿ. 24 ಪ್ರಶ್ನೆಯಲ್ಲಿ 16 ಉದ್ದುದ್ದ ಗದ್ಯ ಓದಿ ಉತ್ತರಿಸುವಂಥವು. ತತ್ವಶಾಸ್ತ್ರ, ಇತಿಹಾಸ, ಪರಿಸರ, ಏನು ಬೇಕಾದರೂ ಬರಬಹುದು. ಅದಕ್ಕೆ ಪದಗಳ ಪಟ್ಟಿ ಉರು ಹೊಡೆದು ಪ್ರಯೋಜನವಿಲ್ಲ. ದಿನಾ ಒಂದು ಗಂಟೆ ನಿಮಗೆ ಆಸಕ್ತಿಯೇ ಇಲ್ಲದ ವಿಷಯ ಓದಿ. ಆಯ್ಕೆಗಳನ್ನು ಕೊಟ್ಟಿರುವ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಆದ್ದರಿಂದ ಬಿಡೋದನ್ನೂ ಕಲಿಯಬೇಕು.

ಆಮೇಲಿನದು ಅಷ್ಟು ಸಲೀಸಲ್ಲ. ಅರ್ಜಿ ಹಾಕುವವರಲ್ಲಿ ಎಂಜಿನಿಯರ್ ಹುಡುಗರ ಸಂತೆಯೇ ಇರುತ್ತದೆ. ಕೆಲವು ಐಐಎಂಗಳು ಹೆಣ್ಣುಮಕ್ಕಳಿಗೆ, ಎಂಜಿನಿಯರಿಂಗ್ ಅಲ್ಲದೆ ಬೇರೆ ಓದಿದವರಿಗೆ ಒಂದಷ್ಟು ಹೆಚ್ಚುವರಿ ಅಂಕ ಕೊಡುತ್ತವೆ, ನಿಮಗೆ ಅದು ಸಿಗೋಲ್ಲ. ಅದಕ್ಕಿಂತ ದೊಡ್ಡ ವಿಷಯ, ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕ. ಬೆಂಗಳೂರಿನ ಐಐಎಂ ಇಂಟರ್‌ವ್ಯೂಗೆ ಕರೆಯುವಾಗಲೇ ಅವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅವನ್ನು ಈಗ ತಿದ್ದೋಕಾಗಲ್ಲ. ಆದ್ದರಿಂದ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ಕೂತು, ಒಂದೊಂದು ಸಂಸ್ಥೆಯ ಪ್ರವೇಶ ನಿಯಮ ಅದರದೇ ಜಾಲತಾಣದಲ್ಲಿ ಓದಿ. ಯಾವುದು ಹಳೇ ಅಂಕ ಕೇಳುತ್ತದೆ, ಯಾವುದು ಕ್ಯಾಟ್ ಅಂಕಕ್ಕೇ ಹೆಚ್ಚು ತೂಕ ಕೊಡುತ್ತದೆ ಅನ್ನೋದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕೋಚಿಂಗ್‌ನವರು ಇದನ್ನ ಮೊದಲ ದಿನ ಹೇಳೋದು ನಾನಂತೂ ನೋಡಿಲ್ಲ.

ಇಂಟರ್‌ವ್ಯೂನಲ್ಲಿ "ಎಂಜಿನಿಯರಿಂಗ್ ಓದಿ ಎಂಬಿಎ ಯಾಕಪ್ಪಾ?" ಅಂತ ಕೇಳದೆ ಬಿಡೋಲ್ಲ. "ಮ್ಯಾನೇಜ್‌ಮೆಂಟ್ ಕಲಿಯಬೇಕು ಸರ್" ಅನ್ನೋದು ನಿಮ್ಮ ಹಿಂದೆ ಮುಂದೆ ಕೂತವರೆಲ್ಲ ಹೇಳುವ ಮಾತು. ನಿಮ್ಮ ಶಾಪ್ ಫ್ಲೋರಿನಲ್ಲೇ ಉತ್ತರ ಹುಡುಕಿ. ಡೈ (ಅಚ್ಚು) ಬದಲಾಯಿಸೋಕೆ ಮೆಷಿನ್ ನಿಂತಾಗ ಒಂದು ಗಂಟೆಗೆ ಕಂಪನಿಗೆ ಎಷ್ಟು ನಷ್ಟ? ಸ್ಟೋರಿನಲ್ಲಿ ತಿಂಗಳುಗಟ್ಟಲೆ ಕೂತಿರುವ ಮಾಲನ್ನು ತರಿಸಿದ್ದು ಯಾರು, ಏನು ಲೆಕ್ಕ ಹಾಕಿ? ನಿಮಗಿಂತ ಇಪ್ಪತ್ತು ವರ್ಷ ದೊಡ್ಡ ಆಪರೇಟರ್ "ಇದೆಲ್ಲ ಆಗಲ್ಲ ಬಿಡಿ ಸಾರ್" ಅಂದಾಗ ಹೇಗೆ ಒಪ್ಪಿಸಿದಿರಿ? ಇಂಥದ್ದರಲ್ಲಿ ಎಲ್ಲಿ ನಿಮ್ಮ ಎಂಜಿನಿಯರಿಂಗ್ ಸಾಲದೆ ಹೋಯಿತೋ ಅದನ್ನು ಹೇಳಿ, ಎಂಬಿಎ ಯಾಕೆ ಅನ್ನೋದಕ್ಕೆ ಅದೇ ಉತ್ತರ.

ಇನ್ನೊಂದು, ಅರ್ಜಿಯಲ್ಲಿ ಮಂಡ್ಯ ಅಂತ ಕಂಡರೆ ಕಬ್ಬಿನ ಬಗ್ಗೆ ಕೇಳಬಹುದು. 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಊರು, ಗೊತ್ತಿಲ್ಲ ಅಂದರೆ ಚೆನ್ನಾಗಿರಲ್ಲ. ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯಾಗಿ ಕೇಂದ್ರ ಸರ್ಕಾರ ಗೊತ್ತುಮಾಡುವ ಎಫ್‌ಆರ್‌ಪಿ ದರ ಸಕ್ಕರೆ ಇಳುವರಿಯ ಮೇಲೆ, ಅಂದರೆ ಕಬ್ಬಿನಿಂದ ಎಷ್ಟು ಸಕ್ಕರೆ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸಿಗಬೇಕು. ಹಾಗಿದ್ದರೂ ದೇಶದಲ್ಲಿ ಎಷ್ಟೋ ಕಡೆ ಬಾಕಿ ಯಾಕೆ ಉಳಿಯುತ್ತದೆ? ಕಬ್ಬು ಅರೆಯೋದು ವರ್ಷದ ಕೆಲವೇ ತಿಂಗಳು, ಸಕ್ಕರೆ ಮಾರಾಟವಾಗೋದು ವರ್ಷಪೂರ್ತಿ. ನಡುವೆ ದುಡ್ಡು ಗೋದಾಮಿನಲ್ಲಿ ಸಕ್ಕರೆಯಾಗಿ ಕೂತಿರುತ್ತದೆ. ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರ ನಡೆಸೋಕೆ ಬೇಕಾದ ದುಡ್ಡು) ಅಂದರೇನು ಅಂತ ಇಷ್ಟರಲ್ಲೇ ವಿವರಿಸಬಹುದು, ಇಳುವರಿ ಎಲ್ಲಿ ಸೋರುತ್ತದೆ ಅನ್ನೋದನ್ನ ಮೆಕ್ಯಾನಿಕಲ್‌ನವರು ಬೇರೆಯವರಿಗಿಂತ ಚೆನ್ನಾಗಿ ಹೇಳಬಹುದು. ಹಾಗೇ ಥರ್ಮೋಡೈನಮಿಕ್ಸ್ ಮರೆತಿದ್ದರೆ ಒಮ್ಮೆ ತಿರುವಿಹಾಕಿ, ಡಿಗ್ರಿಯ ವಿಷಯವನ್ನೂ ಕೆದಕುತ್ತಾರೆ.

ಕೆಲಸ ಮಾತ್ರ ಬಿಡಬೇಡಿ. ಅನುಭವಕ್ಕೂ ಅಂಕ ಇದೆ. ನೋಂದಣಿ ಆಗಸ್ಟ್‌ನಲ್ಲಿ ಶುರು, ಪರೀಕ್ಷೆ ನವೆಂಬರ್ ಕೊನೆಗೆ, ಸೀಟು ಖಾತ್ರಿಯಾದ ಮೇಲೆ ರಾಜೀನಾಮೆ ಕೊಡೋಕೆ ಬೇಕಾದಷ್ಟು ಸಮಯ ಇರುತ್ತದೆ. ಜನವರಿಯಲ್ಲಿ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಎಕ್ಸ್‌ಎಟಿ ಕೂಡ ಬರೆಯಿರಿ.

ದುಡ್ಡಿನ ಲೆಕ್ಕವೂ ನೋಡಿ. ದೊಡ್ಡ ಐಐಎಂಗಳಲ್ಲಿ ಎರಡು ವರ್ಷದ ಫೀಸು 20 ಲಕ್ಷ ದಾಟಿದೆ. ಅಲ್ಲಿ ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಹೋಗಬಹುದು, ಹೆಸರು ಕೇಳದ ಖಾಸಗಿ ಕಾಲೇಜಿಗೆ ಅದೇ ಮಟ್ಟದ ಫೀಸು ಸುರಿಯೋದು ಬೇಡ. ಅದಕ್ಕಿಂತ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಮಾನಸಗಂಗೋತ್ರಿಯ ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆಯಂಥ ಕಡೆ ಸೇರೋದು ಎಷ್ಟೋ ವಾಸಿ. ಮೈಸೂರಲ್ಲೇ ಎಸ್‌ಡಿಎಂ ಐಎಂಡಿ ಕೂಡ ಇದೆ, ಕ್ಯಾಟ್ ಅಂಕ ಅಲ್ಲೂ ನಡೆಯುತ್ತದೆ.

ನಿಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಶೇಕಡಾವಾರು ಎಷ್ಟು ಅಂತ ಕೆಳಗೆ ಬರೆದರೆ, ಎಲ್ಲೆಲ್ಲಿ ಅರ್ಜಿ ಹಾಕೋದು ದಂಡ ಅನ್ನೋದನ್ನಾದರೂ ಹೇಳಬಲ್ಲೆ.