ಟೆಂಟಿಗೆ ನಾಯಿಯೂ ಬರಲಿ, ರಾತ್ರಿ ಹೊರಗೆ ಮಾತ್ರ ಕಟ್ಟಬೇಡಿ

ರಜೆ ಹತ್ತಿರ ಬಂತು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪ್ರವಾಸದ ಮಾತೇ ಜಾಸ್ತಿ. ಹಾಗಾಗಿ ಈ ಸಲ ನಾಯಿಯನ್ನೂ ಕರೆದುಕೊಂಡು ಟೆಂಟ್ ಹಾಕಲು ಹೊರಟವರ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಬೇಕೆಂದಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಮೂರು ವರ್ಷದ ಮುಧೋಳ ಹೆಣ್ಣುನಾಯಿ, ಒಂಬತ್ತು ವರ್ಷದ ಪಗ್. ಮುಧೋಳವನ್ನು ಟೆಂಟಿನ ಹೊರಗೆ ಕಟ್ಟಿದರೆ ಕಾವಲಿಗೂ ಆಯಿತು ಎನ್ನುತ್ತಾರೆ ನಮ್ಮ ಯಜಮಾನರು. ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ನಾನು ಮಲೆನಾಡಿನ ಪಶು ಆಸ್ಪತ್ರೆಯಲ್ಲಿದ್ದ ವರ್ಷಗಳಲ್ಲಿ, ಚಿರತೆ ಹಿಡಿದ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಳಗಾಗುತ್ತಲೇ ಬರುತ್ತಿದ್ದರು. ಹೆಚ್ಚಿನವು ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ್ದ ನಾಯಿಗಳೇ. ಬದುಕಿದ್ದು ಕಡಿಮೆ. ಚಿರತೆಗೆ ನಾಯಿ ಸುಲಭದ ಬೇಟೆ. ಕಟ್ಟಿದ ನಾಯಿ ಬೊಗಳುತ್ತದೆ, ತಾನೆಲ್ಲಿದ್ದೇನೆ ಎಂದು ತಾನೇ ತೋರಿಸಿಕೊಡುತ್ತದೆ, ಓಡಲಿಕ್ಕೂ ಆಗುವುದಿಲ್ಲ. ಕಾವಲಿಗೆ ಎಂದು ಹೊರಗೆ ಬಿಟ್ಟ ಜೀವವನ್ನು ನಾವೇ ಅದರ ಬಾಯಿಗೆ ಕೊಟ್ಟಂತೆ ಆಗುತ್ತದೆ. ತೋಟದವರ ಹತ್ತಿರ ಬಾಗಿಲು ಇರುವ ಒಂದು ಕೋಣೆ ಕೇಳಿ, ಎರಡನ್ನೂ ಅಲ್ಲಿ ಮಲಗಿಸಿ. ಇಲ್ಲವಾದರೆ ಟೆಂಟಿನ ಒಳಗೆ, ನಿಮ್ಮ ಪಕ್ಕದಲ್ಲೇ, ಬೆಲ್ಟ್ ಕೈಗೆ ಸಿಗುವಂತೆ. ರಾತ್ರಿ ಮೂತ್ರಕ್ಕೆ ಎಬ್ಬಿಸಿದರೂ ಟಾರ್ಚ್ ಹಾಕಿ ಸುತ್ತ ನೋಡಿ, ದೊಡ್ಡವರೇ ಬೆಲ್ಟ್ ಹಿಡಿದು ಹೋಗಬೇಕು. ಮಕ್ಕಳನ್ನು ಕಳಿಸಬೇಡಿ.

ಇನ್ನೊಂದು ಭಯ ಆನೆಯದು. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಆನೆ ಓಡಾಟ ಹೊಸದಲ್ಲ. ಬಿಟ್ಟ ನಾಯಿ ಕತ್ತಲಲ್ಲಿ ಆನೆ ಕಂಡರೆ ನುಗ್ಗಿ ಬೊಗಳುತ್ತದೆ. ಆನೆ ತಿರುಗಿ ಬಿದ್ದರೆ ಬಾಲ ಮಡಚಿಕೊಂಡು ವಾಪಸು ಓಡಿ ಬರುವುದು ಯಾರ ಹತ್ತಿರ? ನಿಮ್ಮ ಹತ್ತಿರ. ಅದರ ಹಿಂದೆ ಆನೆಯೂ ಬರುತ್ತದೆ. ಕರಡಿ ಇರುವ ಕಡೆಯೂ ಇದೇ ಕಥೆ. ಆನೆ ಎಲ್ಲಿದೆ ಎಂಬ ಸುದ್ದಿ ಅಲ್ಲಿನವರಿಗೆ ದಿನವೂ ಗೊತ್ತಿರುತ್ತದೆ. ಟೆಂಟ್ ಹೊಡೆಯುವ ಮುಂಚೆ ಕೇಳಿ, ಹತ್ತಿರದಲ್ಲಿದೆ ಎಂದರೆ ಆ ರಾತ್ರಿ ಮನೆಯೊಳಗೇ ಮಲಗಿ.

ಹಗಲಲ್ಲೂ ಮುಧೋಳವನ್ನು ಬಿಚ್ಚಬೇಡಿ. ಬಯಲಲ್ಲಿ ಮೊಲದ ಹಿಂದೆ ಓಡಲೆಂದೇ ಬೆಳೆಸಿದ ತಳಿ ಅದು. ಕಣ್ಣಿಗೆ ಏನಾದರೂ ಓಡುವುದು ಬಿದ್ದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಅದರ ತವರು ಬಾಗಲಕೋಟೆ ಸೀಮೆಯ ಬಯಲಲ್ಲಿ ದೂರ ಓಡಿದರೂ ಕಣ್ಣಿಗೆ ಕಾಣುತ್ತದೆ. ಕಾಫಿ ಗಿಡದ ಸಾಲಿನಲ್ಲಿ ಹತ್ತು ಹೆಜ್ಜೆ ಹೋದರೆ ಮಾಯ. ತೋಟದ ಅಂಚಿನಲ್ಲಿ ಕಾಡುಹಂದಿಗೆಂದು ಕದ್ದು ಇಟ್ಟ ತಂತಿಯ ಉರುಳು ಇರಬಹುದು, ಕೆಲವು ಕಡೆ ಹಂದಿಗೆ ಇಡುವ ಸಿಡಿಮದ್ದಿನ ಉಂಡೆಯೂ ಇರಬಹುದು. ಎರಡೂ ಕಾನೂನಿಗೆ ವಿರುದ್ಧ, ಆದರೂ ಇಡುವವರಿದ್ದಾರೆ. ಸೊಂಟಕ್ಕೆ ತಂತಿ ಬಿಗಿದು ಹೊಟ್ಟೆ ಸೀಳಿದ ನಾಯಿಯ ಗಾಯಕ್ಕೆ ಹೊಲಿಗೆ ಹಾಕಿದ್ದೇನೆ. ದವಡೆ ಒಡೆದ ನಾಯಿಗೆ ಏನೂ ಮಾಡಲಾಗದೆ ಕೂತದ್ದೂ ಇದೆ. ಉದ್ದನೆಯ ಹಗ್ಗವಿರಲಿ. ಎದೆಗೆ ಹಾಕುವ ಬೆಲ್ಟ್ ಒಳ್ಳೆಯದು, ಯಾಕೆಂದರೆ ಮುಧೋಳದ ತಲೆ ಸಣ್ಣದು, ಕುತ್ತಿಗೆಯ ಬೆಲ್ಟಿನಿಂದ ಜಾರಿಕೊಳ್ಳುತ್ತದೆ. ಮೈಮೇಲೆ ಕೊಬ್ಬು ಕಡಿಮೆ, ಕೂದಲೂ ತೆಳು. ಡಿಸೆಂಬರ್ ಚಳಿಗೆ ಹಳೆಯ ಸ್ವೆಟರ್ ಹಾಕಿ, ನೆಲಕ್ಕೆ ದಪ್ಪ ಕಂಬಳಿ ಹಾಸಿ.

ಪಗ್‌ಗೆ ತೊಂದರೆ ಚಳಿಯದ್ದಲ್ಲ, ದಾರಿಯದ್ದು. ಮೂಗು ಮೊಟಕಾದ ನಾಯಿಗೆ ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ. ವಯಸ್ಸೂ ಆಗಿದೆ, ಹೊರಡುವ ಮುಂಚೆ ಹೃದಯ, ಉಸಿರಾಟ ತೋರಿಸಿಕೊಳ್ಳಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಐದು ನಿಮಿಷ ಎಂದು ಕಿಟಕಿ ಏರಿಸಿ ಹೋಗಲೇಬೇಡಿ. ಒಬ್ಬರು ಹೊರಗೆ ನೆರಳಲ್ಲಿ ಹಿಡಿದುಕೊಂಡು ನಿಲ್ಲಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿತು, ನಾಲಿಗೆ ಕಡುಗೆಂಪಾಯಿತು ಎಂದರೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಹೊರಡಿ. ಹೊರಡುವ ಮೊದಲಿನ ಮೂರು ನಾಲ್ಕು ಗಂಟೆ ಊಟ ಕೊಡಬೇಡಿ, ತಿರುವುಗಳಲ್ಲಿ ವಾಂತಿ ತಪ್ಪುತ್ತದೆ. ನೀರು ಮಾತ್ರ ಕೊಡುತ್ತಿರಿ.

ರಾತ್ರಿ ಬೆಂಕಿ ಹಾಕಿದಾಗ ಮಕ್ಕಳ ಕೈಮೇಲೆ ಕಣ್ಣಿರಲಿ. ಸುಟ್ಟ ಮುಸುಕಿನ ಜೋಳದ ದಿಂಡನ್ನು ನಾಯಿ ಹಾಗೇ ನುಂಗುತ್ತದೆ, ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಬೆಂದ ಕೋಳಿ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಒಂದೂ ಬೇಡ. ಮನೆಯಿಂದ ಅವುಗಳ ಮಾಮೂಲಿ ಊಟವನ್ನೇ ಒಯ್ಯಿರಿ. ಡಿಸೆಂಬರ್ ಕಾಫಿ ಕೊಯ್ಲಿನ ಕಾಲ, ತೋಟದಲ್ಲಿ ಆಳುಗಳು, ಅವರ ಮಕ್ಕಳು, ಲೈನ್‌ಮನೆಯ (ಆಳುಗಳ ಸಾಲುಮನೆ) ನಾಯಿಗಳು ಓಡಾಡುತ್ತಿರುತ್ತವೆ. ನಿಮ್ಮ ಎರಡಕ್ಕೂ ರೇಬಿಸ್ ಲಸಿಕೆ ಈ ವರ್ಷದ್ದು ಆಗಿರಲೇಬೇಕು.

ಪ್ರಶ್ನೆ: ಜನವರಿಯಲ್ಲಿ ಸಾಗರದ ಕಡೆ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕುತ್ತೇವೆ. ನಮ್ಮ ಲ್ಯಾಬ್ರಡಾರ್ ಕೂಡ ಬರುತ್ತಾನೆ. ನಾಯಿಯಿಂದ ಮಂಗನ ಕಾಯಿಲೆ ಬರುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ನಾಯಿಯಿಂದ ನೇರವಾಗಿ ಬರುವುದಿಲ್ಲ. ಬರುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ ಕಚ್ಚಿದರೆ. ಆದರೆ ಪೊದೆಯಲ್ಲಿ ಸುತ್ತಾಡಿದ ನಾಯಿ ಆ ಉಣುಗನ್ನು ಮೈಮೇಲೆ ಹೊತ್ತು ನಿಮ್ಮ ಹಾಸಿಗೆಗೆ ತರಬಹುದು.

ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನೀವು ಹೋಗುವ ಸಾಗರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ, ಎಳ್ಳುಕಾಳಿನಷ್ಟು ಚಿಕ್ಕ ಮರಿ ಉಣುಗುಗಳು ಎಲೆಗಳಲ್ಲಿ ಜಾಸ್ತಿ ಇರುವ ಸಮಯ. ನೀವು ಹೊರಟಿರುವುದು ಅದೇ ಸಮಯಕ್ಕೆ. ಆದ್ದರಿಂದ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗ ಸತ್ತ ಸುದ್ದಿ ಇದೆಯಾ ಕೇಳಿ. ಇದೆ ಎಂದರೆ ಜಾಗ ಬದಲಿಸಿ, ಇದರಲ್ಲಿ ಹಟ ಬೇಡ.

ಇಲ್ಲ ಎಂದರೆ, ಹೊರಡುವ ಕೆಲವು ದಿನ ಮೊದಲೇ ವೈದ್ಯರ ಹತ್ತಿರ ತೂಕ ನೋಡಿಸಿ ಉಣುಗು ಸಾಯಿಸುವ ಮಾತ್ರೆ ಕೊಡಿಸಿ. ಮಾತ್ರೆ ಕೊಟ್ಟರೂ ಉಣುಗು ಮೈ ಹತ್ತುತ್ತದೆ, ಕಚ್ಚಿದ ಮೇಲೆ ಸಾಯುತ್ತದೆ. ಅದಕ್ಕೇ ಟೆಂಟಿನೊಳಗೆ ಬಿಡುವ ಮುಂಚೆ ಪ್ರತಿ ಸಲ ಕಿವಿಯೊಳಗೆ, ಕಾಲ್ಬೆರಳ ಸಂದಿ, ಬೆಲ್ಟಿನ ಅಡಿ, ಕಂಕುಳು ನೋಡಿ. ಕಂಡದ್ದನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಒತ್ತಿ ಒಡೆಯುವುದು, ಬೀಡಿ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ವಾಪಸು ಬಂದ ಮೇಲೆ ಮನೆಯಲ್ಲಿ ಯಾರಿಗಾದರೂ ತಲೆನೋವಿನ ಜೊತೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಹೇಳಿ.

ಲ್ಯಾಬ್ರಡಾರ್ ನೀರು ಕಂಡರೆ ಬಿಡುವುದಿಲ್ಲ, ಅಲ್ವಾ? ಇಲಿಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರದ ಲಸಿಕೆ ಒಂದು ವರ್ಷಕ್ಕಷ್ಟೇ ಕಾಯುತ್ತದೆ. ದಿನಾಂಕ ನೋಡಿಕೊಳ್ಳಿ. ಗದ್ದೆಯ ನಿಂತ ನೀರು ಕುಡಿಯಲು ಬಿಡಬೇಡಿ.

ಪ್ರಶ್ನೆ: ಬಂಡೀಪುರದ ಒಳಗೆ ನಾಯಿ ಕರೆದುಕೊಂಡು ಹೋಗಬಹುದೇ? ನಮ್ಮದು ತುಂಬಾ ಶಾಂತ ಸ್ವಭಾವದ ನಾಯಿ.
— ಓದುಗರು, ಮೈಸೂರು

ಉತ್ತರ: ಆಗುವುದಿಲ್ಲ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಯಾವ ಹುಲಿ ಅಭಯಾರಣ್ಯದ ಸಫಾರಿಗೂ ಸಾಕುನಾಯಿ ಇಲ್ಲ. ನಾಯಿ ಶಾಂತವಾಗಿದ್ದರೂ ಅದರ ಮೈಯಲ್ಲಿರುವ ರೋಗ ಶಾಂತವಾಗಿರುವುದಿಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ನಮ್ಮ ನಾಯಿಮರಿಗಳಿಗೆ ಲಸಿಕೆ ಹಾಕಿಸುತ್ತೇವಲ್ಲ, ಅದೇ. ಹುಲಿಗೂ, ಕಾಡುನಾಯಿಗೂ ಅದು ತಗಲುತ್ತದೆ. ಬಂಡೀಪುರದ ಕಾಡಿನ ನಡುವಿನ ಹೆದ್ದಾರಿಯಲ್ಲಿ ಸುಮ್ನೆ ದಾಟಿ ಹೋಗುವಾಗಲೂ ನಾಯಿಯನ್ನು ಕೆಳಗಿಳಿಸಬೇಡಿ.

ಪ್ರಶ್ನೆ: ಕ್ಯಾಂಪಿನಲ್ಲಿ ನಾಯಿಗೆ ಹಾವು ಕಚ್ಚಿದರೆ ಮೊದಲು ಏನು ಮಾಡಬೇಕು?
— ಓದುಗರು, ದಾವಣಗೆರೆ

ಉತ್ತರ: ಎತ್ತಿಕೊಳ್ಳಿ, ನಡೆಸಬೇಡಿ. ನಾಯಿ ಮೂಸಲು ಹೋಗಿ ಕಚ್ಚಿಸಿಕೊಳ್ಳುವುದರಿಂದ ಹೆಚ್ಚಾಗಿ ಮೂತಿಗೋ ಮುಂಗಾಲಿಗೋ ಬಿದ್ದಿರುತ್ತದೆ. ಮುಖ ಊದುವ ಮುಂಚೆ ಕುತ್ತಿಗೆಯ ಬೆಲ್ಟ್ ಬಿಚ್ಚಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ಕೊಳಕುಮಂಡಲವಾದರೆ ಬೇಗ ಊತ, ಆಮೇಲೆ ವಸಡಿನಲ್ಲಿ ರಕ್ತ. ನಾಗರಹಾವಾದರೆ ಕಾಲು ತಡವರಿಸುತ್ತದೆ, ರೆಪ್ಪೆ ಜೋಲುತ್ತದೆ, ಉಸಿರು ನಿಧಾನವಾಗುತ್ತದೆ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ನಮ್ಮಲ್ಲಿ ಸಿಗುವ, ಹಾವಿನ ವಿಷ ಇಳಿಸುವ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ನಾಯಿಗೂ ಅದನ್ನೇ ಕೊಡುತ್ತೇವೆ. ನಾಯಿ ಚಿಕ್ಕದು ಎಂದು ಮದ್ದು ಕಡಿಮೆ ಕೊಟ್ಟರೆ ಸಾಲದು, ಒಳಗೆ ಹೋದ ವಿಷ ಎಷ್ಟೋ ಮದ್ದೂ ಅಷ್ಟು ಬೇಕು. ಎಲ್ಲ ಪಶು ಆಸ್ಪತ್ರೆಯಲ್ಲೂ ಇದು ಇರುವುದಿಲ್ಲ. ಆದ್ದರಿಂದ ಟೆಂಟಿನ ಗೂಟ ಹೊಡೆಯುವ ಮುಂಚೆ, ಆ ತಾಲೂಕಿನ ಪಶು ಆಸ್ಪತ್ರೆಗೂ ಹತ್ತಿರದ ಪಟ್ಟಣದ ಖಾಸಗಿ ಪಶುವೈದ್ಯರಿಗೂ ಫೋನ್ ಮಾಡಿ, ಮದ್ದು ಇದೆಯಾ, ರಾತ್ರಿ ಬಾಗಿಲು ತೆಗೆಯುತ್ತಾರಾ ಎಂದು ಕೇಳಿ. ನಂಬರನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ ತೋಟದ ಮನೆಯ ಫೋನಿನಿಂದಲೇ ಮಾಡಬೇಕಾಗುತ್ತದೆ.