ಓದುಗರ ಪ್ರಶ್ನೆ: ಲಾಬಿಯನ್ನು ತರಗತಿಯಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ಪದವಿ ವಿದ್ಯಾರ್ಥಿಗಳಿಗೆ ಸಾರ್ವಜನಿಕ ನೀತಿ ಪಾಠ ಮಾಡುತ್ತೇನೆ. ಲಾಬಿ (ಕಾನೂನು, ನೀತಿ ಮಾಡುವವರ ಮನವೊಲಿಸುವ ಕೆಲಸ) ಎಂದರೆ ಲಂಚ ಎನ್ನುವವರು ಕೆಲವರು, ಚೆನ್ನಾಗಿ ಮಾತಾಡಿದರೆ ಸಾಕು ಎನ್ನುವವರು ಇನ್ನು ಕೆಲವರು. ಎಲ್ಲಿಂದ ಶುರು ಮಾಡಲಿ?

ಉತ್ತರ: ವ್ಯಾಖ್ಯಾನ ಬದಿಗಿಡಿ, ದಾಖಲೆ ಕೈಗೆ ಕೊಡಿ. ಅಮೆರಿಕದ 1995ರ ಲಾಬಿ ಕಾಯ್ದೆಯ ಪ್ರಕಾರ ಲಾಬಿಗಾಗಿ ನೋಂದಾಯಿಸಿಕೊಂಡವರು ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಅವು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತವೆ. ತಲಾ ಒಂದು ವರದಿ ಹಂಚಿ. ಕಕ್ಷಿದಾರ (ಯಾರ ಪರ ಲಾಬಿ ನಡೆದಿದೆಯೋ ಅವರು) ಯಾರು, ಯಾವ ಮಸೂದೆ, ಹಣವೆಷ್ಟು, ಯಾವ ಸದನ ಅಥವಾ ಇಲಾಖೆ ಎಂದು ಗುರುತು ಹಾಕಿಸಿ. ಆಮೇಲೆ ಅದರಲ್ಲಿ ಏನಿಲ್ಲ ಎಂದು ಕೇಳಿ. ಯಾವ ಸದಸ್ಯರನ್ನು ಕಂಡರು, ಏನು ಹೇಳಿದರು ಎಂಬುದು ಅಲ್ಲಿರುವುದಿಲ್ಲ. ಒಬ್ಬ ಕಕ್ಷಿದಾರನ ಕೆಲಸದಲ್ಲಿ ಲಾಬಿಗೆ ಶೇ 20ಕ್ಕಿಂತ ಕಡಿಮೆ ಸಮಯ ಕೊಡುವವರು ಆ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ‘ಸಲಹೆಗಾರ’ರೆಂಬ ಹೆಸರಿನಲ್ಲಿ ಎಷ್ಟೋ ಮಂದಿ ಹೊರಗುಳಿಯುವುದು ಹೀಗೆ. ಲಂಚದ ಚರ್ಚೆಯನ್ನು ಇಲ್ಲಿ ಎತ್ತಿಕೊಂಡರೆ ಅದಕ್ಕೆ ನೆಲ ಸಿಗುತ್ತದೆ: ಮನವೊಲಿಸುವವನಿಗೆ ಸಂಬಳ ಕೊಡುವುದು ಬೇರೆ, ನಿರ್ಧರಿಸುವವನಿಗೆ ಹಣ ಕೊಡುವುದು ಬೇರೆ.

ಮುಂದಿನ ಕೆಲಸ, ಶಾಸಕರಿಗೋ ಅಧಿಕಾರಿಗೋ ಕೊಡುವಂಥ ಒಂದೇ ಪುಟದ ಟಿಪ್ಪಣಿ. ಹೆಚ್ಚಿನ ಸಮಯ ಇದಕ್ಕೇ ಹೋಗಲಿ. ಮೊದಲ ಎರಡು ಸಾಲಿನಲ್ಲೇ ಬೇಡಿಕೆ ಬರಬೇಕು. ‘ನೀತಿ ಸುಧಾರಿಸಬೇಕು’ ಎಂದು ಬರೆದರೆ ಹಿಂದಕ್ಕೆ ಕೊಡಿ. ‘ಇಂಥ ಕಲಮಿನಲ್ಲಿ 30 ದಿನ ಎಂದಿರುವುದನ್ನು 60 ದಿನ ಮಾಡಿ’ ಎಂದರೆ ಅದು ಬೇಡಿಕೆ. ಬಳಿಕ ಕಾರಣ, ಖರ್ಚು, ವಿರೋಧಿಸುವವರು ಯಾರು, ಅವರ ವಾದವೇನು. ಕೊನೆಯದನ್ನು ವಿದ್ಯಾರ್ಥಿಗಳು ಬೇಕೆಂದೇ ಬಿಡುತ್ತಾರೆ. ಆ ವಿರೋಧಿಗಳು ಮಧ್ಯಾಹ್ನ ಅದೇ ಶಾಸಕ ಅಥವಾ ಅಧಿಕಾರಿಯ ಬಳಿ ಬಂದು ಅದನ್ನೇ ಹೇಳಿದಾಗ ಬೆಳಗ್ಗೆ ಬಂದವರ ಮೇಲಿನ ನಂಬಿಕೆ ಹೋಗುತ್ತದೆ, ಮತ್ತೆ ಬಾಗಿಲು ತೆರೆಯುವುದಿಲ್ಲ.

ಟಿಪ್ಪಣಿ ಸರಿಹೋದ ಮೇಲೆ ಅಣಕು ಭೇಟಿ. ಹತ್ತು ನಿಮಿಷ ಎಂದು ಹೇಳಿ, ನಾಲ್ಕನೇ ನಿಮಿಷಕ್ಕೆ ‘ಸಾಹೇಬರು ಹೊರಡಬೇಕು’ ಎಂದು ಎಬ್ಬಿಸಿ. ಪೀಠಿಕೆಯಲ್ಲೇ ಮುಳುಗಿದವರಿಗೆ ಬೇಡಿಕೆ ಹೇಳಲು ಸಮಯವೇ ಇರುವುದಿಲ್ಲ. ಇನ್ನೊಂದು ತಪ್ಪೂ ಆಗ ಕಾಣುತ್ತದೆ: ಹಣಕಾಸು ಇಲಾಖೆ ತೀರ್ಮಾನಿಸುವ ವಿಷಯ ಹಿಡಿದು ಆರೋಗ್ಯ ಇಲಾಖೆಯ ಬಾಗಿಲು ತಟ್ಟಿರುತ್ತಾರೆ. ತಮಗೆ ಒಪ್ಪಿಗೆಯಿಲ್ಲದ ವಾದವನ್ನು ಒಮ್ಮೆಯಾದರೂ ಅವರು ವಹಿಸಿಕೊಳ್ಳಲಿ. ಆದರೆ ಮನಸ್ಸಾಕ್ಷಿ ಒಪ್ಪದೆಂದರೆ ಬದಲಿ ವಿಷಯ ಕೊಡಿ. ವೃತ್ತಿಯಲ್ಲೂ ಕಕ್ಷಿದಾರನನ್ನು ಒಲ್ಲೆ ಎನ್ನುವ ಹಕ್ಕಿದೆ.

ಪ್ರಶ್ನೆ: ವೃತ್ತಿಪರ ಲಾಬಿಗಾರರನ್ನು ಉಪನ್ಯಾಸಕ್ಕೆ ಕರೆಯಬಹುದೇ?

ಉತ್ತರ: ಕರೆಯಿರಿ. ಸದ್ಯ ಯಾರ ಪರ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಮೊದಲೇ ಬರೆಸಿಕೊಂಡು ವಿದ್ಯಾರ್ಥಿಗಳಿಗೆ ತಿಳಿಸಿ. ಗೆದ್ದ ಕಥೆ ಕೇಳದಿದ್ದರೂ ಹೇಳುತ್ತಾರೆ. ಸೋತ ಒಂದು ಮಸೂದೆಯ ಬಗ್ಗೆ ಮಾತಾಡಿ ಎಂದು ಆಹ್ವಾನದಲ್ಲೇ ಬರೆಯಿರಿ.