ಸರ್ಕಾರ ನಿಷೇಧಿಸಿದ ಸಂಘಟನೆ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಬಹುದೇ?
ಪ್ರಶ್ನಿಸಬಹುದು. ಯಾರೂ ಪ್ರಶ್ನಿಸದಿದ್ದರೂ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ) ಕಾಯ್ದೆಯಡಿ ಸಂಘವೊಂದನ್ನು ಕಾನೂನುಬಾಹಿರವೆಂದು ಘೋಷಿಸಿದ 30 ದಿನಗಳೊಳಗೆ ಕೇಂದ್ರ ಸರ್ಕಾರವೇ ಆ ಅಧಿಸೂಚನೆಯನ್ನು ಹೈಕೋರ್ಟ್ ನ್ಯಾಯಾಧೀಶರ ನ್ಯಾಯಮಂಡಳಿಗೆ ಒಪ್ಪಿಸಬೇಕು. ಆರು ತಿಂಗಳೊಳಗೆ ತೀರ್ಮಾನವಾಗಬೇಕು.

ಕಾರಣ, ಸಂಘ ಕಟ್ಟುವುದು ಮೂಲಭೂತ ಹಕ್ಕು. ನಮ್ಮ ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಹಾರಿಸಬಾರದೆಂದು ನಿಷೇಧಾಜ್ಞೆ ಬಂದಾಗ ಹೀಗೆ ಹಿಡಿದು ನಿಲ್ಲಲು ಸಂವಿಧಾನವೇ ಇರಲಿಲ್ಲ. ನಾಯಕರು ಹಾರಿಸಿ ಜೈಲಿಗೆ ಹೋದರು. 1952ರಲ್ಲಿ ಮದ್ರಾಸಿನ ವಿ.ಜಿ. ರೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಕ್ಕೆ ಅಪಾಯಕಾರಿ ಎನ್ನಿಸಿದ ಮಾತ್ರಕ್ಕೆ, ನ್ಯಾಯಾಂಗದ ಪರಿಶೀಲನೆಯಿಲ್ಲದೆ ಸಂಘವನ್ನು ನಿಷೇಧಿಸುವಂತಿಲ್ಲ ಎಂದಿತು. ಜಮಾತೆ ಇಸ್ಲಾಮಿ ಹಿಂದ್ ಮೇಲಿನ 1992ರ ನಿಷೇಧ ಬಿದ್ದುಹೋದದ್ದೂ ಸಾಕ್ಷ್ಯ ಸಾಲದೆ. ಗುಪ್ತಚರ ವರದಿಗಳ ಸಾರಾಂಶವಷ್ಟೇ ಸಾಕಾಗಲಿಲ್ಲ.

ಅಧಿಸೂಚನೆಯನ್ನು ಸಂಘದ ಕಚೇರಿಗೆ ಅಂಟಿಸಿ ಅಥವಾ ತಮಟೆ ಬಾರಿಸಿ ಸಾರಿಯೂ ತಿಳಿಸಬಹುದೆಂದು ಕಾಯ್ದೆಯಲ್ಲೇ ಇದೆ! ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿದರೆ ದಾರಿ ಬೇರೆ: ಮೊದಲು ಸರ್ಕಾರಕ್ಕೇ ಅರ್ಜಿ, ಆಮೇಲೆ ಪರಿಶೀಲನಾ ಸಮಿತಿ. ನನ್ನ ತಕರಾರು ಒಂದೇ. ತುರ್ತು ಕಾರಣ ಬರೆದರೆ ನಿಷೇಧ ಕೂಡಲೇ ಜಾರಿಯಾಗುತ್ತದೆ. ತೀರ್ಪು ಬರುವ ಹೊತ್ತಿಗೆ ಕಚೇರಿಗೆ ಬೀಗ ಬಿದ್ದು ತಿಂಗಳುಗಳೇ ಕಳೆದಿರಬಹುದು.